ಜಂಗಿನ ಜಗಳ

ವಿದ್ಯಾನಗರದ ತರುಣನೊಬ್ಬ ಮೊನ್ನೆ ಮೊಬೈಲನ್ನು ಮೂಗಿನ ಮುಂದೆ ಹಿಡಿದು, ‘ಸರ, ಮಹೀಂದ್ರ ಜೀಪ ಮಾಡೀನಿ, ನೋಡ್ರಿ’ ಅಂದ. ನೋಡಿದೆ. ಪುಟ್ಟ ಮಾದರಿ ಜೀಪು, ಬಿಳಿ ಬಣ್ಣ, ನೆತ್ತಿಯ ಮೇಲೆ ಕೆಂಪು ದೀಪ, ಪಕ್ಕಕ್ಕೆ ‘ಪೊಲೀಸ್’ ಅಂತ ದುಂಡಗಿನ ಅಕ್ಷರ. ಕೈ ಚಂದ ಇತ್ತು. ಆದರೆ ಮುಂದಿನ ಜಾಲರಿಯ ಸೀಳು ಎಣಿಸಿದರೆ ಒಂಬತ್ತು, ಮಹೀಂದ್ರಕ್ಕೆ ಇರಬೇಕಾದದ್ದು ಏಳು. ಬಾನೆಟ್ಟು ತಗ್ಗು. ಮುಂದಿನ ಗಾಜು ನಟ್ಟನಡುವೆ ಎರಡು ಹೋಳು. ಇದು ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ. ನಾರ್ಮಂಡಿಯ ದಂಡೆಗೆ ಇಳಿಯಬೇಕಾದ ಗಾಡಿ ದಾರಿತಪ್ಪಿ ಹುಬ್ಬಳ್ಳಿಯ ಪೊಲೀಸ್ ಠಾಣೆಯ ಮುಂದೆ ಬಂದು ನಿಂತಿತ್ತು.

‘ಒಂಬತ್ತಿದ್ದರೇನು, ಏಳಿದ್ದರೇನು? ಜೀಪು ಜೀಪೇ ಅಲ್ಲೇನು?’ ಎಂದಳು ನಮ್ಮಾಕಿ. ಸೀಳಿನ ಮಾತು ಬಿಡಿ, ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಪಟ್ಟಿ ಕೂರಿಸಿ ಏಳು ಮಾಡಬಹುದು. ಬಾನೆಟ್ಟಿನ ಎತ್ತರ ಹಾಗಲ್ಲ. ಯುದ್ಧಕಾಲದ ಎಂಜಿನ್ನಿನಲ್ಲಿ ಎರಡೂ ಬಗೆಯ ವಾಲ್ವುಗಳು ಬ್ಲಾಕಿನೊಳಗೇ ಇದ್ದವು. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲು ಒಳಗೆ ಬಿಡುವ ವಾಲ್ವುಗಳನ್ನು ಹೆಡ್ಡಿಗೆ ಏರಿಸಿದರು. 60 ಅಶ್ವಶಕ್ತಿ ಇದ್ದದ್ದು 75ಕ್ಕೆ ಹೋಯಿತು, ಎಂಜಿನ್ನೂ ಎತ್ತರವಾಯಿತು, ಹಳೆಯ ಬಾನೆಟ್ಟು ಮುಚ್ಚದಾಯಿತು. ಗಾಡಿಯನ್ನೇ ಹೊಸದಾಗಿ ರೂಪಿಸುವ ಬದಲು ಕಂಪನಿಯವರು ಬೆಳೆದ ಹುಡುಗನ ಅಂಗಿಗೆ ತುಂಡುಬಟ್ಟೆ ಜೋಡಿಸಿ ಉದ್ದ ಮಾಡಿದಂತೆ ಬಾನೆಟ್ಟನ್ನಷ್ಟೇ ಮೇಲೆತ್ತಿದರು. ಅದೇ 1953ರ ಸಿಜೆ-3ಬಿ. ಅಮೆರಿಕದಲ್ಲಿ ಅದು 1968ಕ್ಕೆ ನಿಂತುಹೋಯಿತು. ನಮ್ಮಲ್ಲಿ ಮಹೀಂದ್ರದವರ ಕೈಯಲ್ಲಿ ಆ ಎತ್ತರದ ಹಣೆಯೇ ಜೀಪಿನ ಮುಖವಾಗಿ ದಶಕಗಟ್ಟಲೆ ಉಳಿಯಿತು. ಧಾರವಾಡ ಜಿಲ್ಲೆಯ ನನ್ನ ವಯಸ್ಸಿನವರನ್ನು ಕೂರಿಸಿ ಜೀಪು ಬರೆಯಿರಿ ಅಂದರೆ ಅವರು ಬರೆಯುವುದು ಅದನ್ನೇ.

ಈ ಮಹೀಂದ್ರದ ಹುಟ್ಟೂ ಸ್ವಾರಸ್ಯದ್ದು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದಾಗ ಕಂಪನಿಯ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಪಾಲುದಾರ ಗುಲಾಮ್ ಮೊಹಮ್ಮದ್ ದೇಶ ಒಡೆದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ಲೂ ಆದರು. ಇಲ್ಲಿ ಉಳಿದವರು 1948ರಲ್ಲಿ ಹೆಸರನ್ನು ಮಹೀಂದ್ರ ಅಂಡ್ ಮಹೀಂದ್ರ ಮಾಡಿಕೊಂಡರು. ಎರಡನೇ ‘ಎಂ’ ಇದ್ದಲ್ಲೇ ಇತ್ತು.

ಇರಲಿ. ನನ್ನ ಮೇಜಿನ ಮೇಲಿರುವುದೂ ಮೂಲದಲ್ಲಿ ಯುದ್ಧದ ಜೀಪೇ. ಇಟಲೇರಿಯವರು ಜೀಪಿನ 80ನೇ ವರ್ಷಕ್ಕೆಂದು 2021ರಲ್ಲಿ ತಂದ 1:24ರ ಕಿಟ್ಟು, ಅದನ್ನು 3ಬಿ ಮಾಡುತ್ತಿದ್ದೇನೆ. ಈ ಅಳತೆಯಲ್ಲಿ ಒಂದು ಇಂಚು ಅಂದರೆ ಒಂದು ಮಿಲಿಮೀಟರು, ಮೇಲೊಂದು ಕೂದಲೆಳೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ 80 ಇಂಚು 85 ಮಿಲಿಮೀಟರಿನೊಳಗೆ ಕೂರುತ್ತದೆ. ಆ ಅಂತರ ಎಂಬಿಗೂ 3ಬಿಗೂ ಒಂದೇ, ಹಾಗಾಗಿ ಚಾಸಿಯನ್ನು ಮುಟ್ಟಬೇಕಾಗಿಲ್ಲ. ಚಾಸಿಯ ಮೇಲಿನದನ್ನೆಲ್ಲ ಮುಟ್ಟಬೇಕು. ಬಾನೆಟ್ಟು ಎತ್ತಿದರೆ ಗಾಜಿನ ಬುಡ ಎತ್ತಬೇಕು, ಅದರ ಬೆನ್ನಿಗೆ ಡ್ಯಾಶ್‌ಬೋರ್ಡು. ಡ್ಯಾಶ್‌ಬೋರ್ಡಿಗೆ ಕೈ ಹಾಕಿದ ಮೇಲೆ ಸ್ಟೇರಿಂಗು ಎಡಕ್ಕಿದೆ ಅಂತ ಕಾಣುತ್ತದೆ. ಅದನ್ನು ಬಲಕ್ಕೆ ತರಬೇಕು, ಕ್ಲಚ್ಚು-ಬ್ರೇಕಿನ ಪೆಡಲುಗಳನ್ನೂ ತರಬೇಕು, ಸ್ಟೇರಿಂಗಿನ ಸರಳು ಎಂಜಿನ್ನಿನ ಆ ಬದಿಯಿಂದ ಈ ಬದಿಗೆ ಬರಬೇಕು. ಮುಚ್ಚಿದ ಕಾರಾದರೆ ಗಾಜಿಗೆ ಒಂದಿಷ್ಟು ಕಪ್ಪು ಬಳಿದು ಜಾರಿಕೊಳ್ಳಬಹುದು. ಜೀಪಿಗೆ ಬಾಗಿಲೇ ಇಲ್ಲ.

ಕಿಟ್ಟಿನ ಪ್ಲಾಸ್ಟಿಕ್ಕು ಒಂದು ಮಿಲಿಮೀಟರು ದಪ್ಪ ಇದ್ದರೆ ನಿಜದ ಗಾಡಿಯಲ್ಲಿ ಅದು 24 ಮಿಲಿಮೀಟರಿನ ಉಕ್ಕು. ಅಷ್ಟು ದಪ್ಪದ ಮಡ್‌ಗಾರ್ಡು ಟ್ಯಾಂಕಿಗೆ ಹೊಂದೀತು. ಅದಕ್ಕೇ ಮಡ್‌ಗಾರ್ಡು, ಹಿಂಬಾಗಿಲು, ಗಾಜಿನ ಚೌಕಟ್ಟು ಇವನ್ನೆಲ್ಲ ನಾನು ಪಾರ್ಸೆಲ್ ಊಟದ ಅಲ್ಯುಮಿನಿಯಂ ಡಬ್ಬಿಯ ತಗಡಿನಲ್ಲಿ ಮಾಡುವುದು. ಉಗುರಿನಲ್ಲಿ ಒತ್ತಿದರೆ ಬಾಗುತ್ತದೆ. ಗೋಡೆಗೋ ಎಮ್ಮೆಗೋ ತಾಗಿ ನೆಗ್ಗಿದ ಮಡ್‌ಗಾರ್ಡು ಬೇಕೆಂದರೆ ನೆಗ್ಗಿಸಿದರಾಯಿತು.

ಹೆಡ್‌ಲೈಟಿನದು ಬೇರೆಯೇ ಕಥೆ. ಎಂಬಿಯ ದೀಪಗಳು ಸಣ್ಣವು, ಜಾಲರಿಯ ಹಿಂದೆ ಅಡಗಿ ಕೂತಿರುತ್ತವೆ. ರಾತ್ರಿ ಹೊತ್ತು ತಿರುಗಿಸಿದರೆ ಎಂಜಿನ್ನಿಗೇ ಬೆಳಕು ಬೀಳುವಂಥ ಜಾಣತನದ ಏರ್ಪಾಡು. 3ಬಿಯವು ದೊಡ್ಡ ಕಣ್ಣಿನವು, ಏಳು ಇಂಚು. ನಮ್ಮ ಲೆಕ್ಕದಲ್ಲಿ ಏಳೂವರೆ ಮಿಲಿಮೀಟರಿಗೆ ತುಸು ಕಡಿಮೆ, ಉಬ್ಬಿರಬೇಕು, ಪಾರದರ್ಶಕವಾಗಿರಬೇಕು. ಇದಕ್ಕೆ ಮಾತ್ರೆಯ ಪಟ್ಟಿಯ ಗುಳಿಯನ್ನು ಮೀರಿಸಿದ್ದು ಇನ್ನೊಂದಿಲ್ಲ. ಆದರೆ ಸರಿಯಾದ ಮಾತ್ರೆ ಸಿಗಬೇಕಲ್ಲ! ನನ್ನ ಬಿ.ಪಿ. ಮಾತ್ರೆ ಸ್ಕೂಟರಿನ ಇಂಡಿಕೇಟರಿಗಾದೀತು. ನಮ್ಮಾಕಿಯ ಕ್ಯಾಲ್ಸಿಯಂ ಉದ್ದನೆಯದು, ಯಾವ ವಾಹನಕ್ಕೂ ಬರುವುದಿಲ್ಲ. ವರ್ನಿಯರ್ ಕ್ಯಾಲಿಪರು ಹಿಡಿದು ಔಷಧದಂಗಡಿಗೆ ಹೋಗಿ, ‘ದುಂಡನ್ನ ಗುಳಿಗಿ, ಏಳೂವರಿ ಮಿಲಿಮೀಟರ್ ಒಳಗ, ಬಿಳೇ ಪಾಕೀಟು’ ಅಂದೆ. ‘ಯಾವ ಜಡ್ಡಿಗ್ರಿ?’ ಅಂತ ಕೇಳಿದ. ಕೊನೆಗೆ ಪಕ್ಕದ ಮನೆಯ ಅಜ್ಜನ ಆಮ್ಲಪಿತ್ತದ ಮಾತ್ರೆಯೇ ಸರಿಹೊಂದಿತು. ಬೆನ್ನಿನ ಬೆಳ್ಳಿಹಾಳೆಯನ್ನೇ ಒಳಗೆ ಮಡಚಿ ಕೂರಿಸಿದರೆ ಪ್ರತಿಫಲಕವೂ ಆಯಿತು. ಅಜ್ಜ ಈಗ ಪಟ್ಟಿ ಖಾಲಿಯಾದ ಕೂಡಲೇ ಮೊಮ್ಮಗನ ಕೈಯಲ್ಲಿ ಕಳಿಸುತ್ತಾರೆ. ಇಪ್ಪತ್ತು ಜೀಪಿಗಾಗುವಷ್ಟು ದೀಪ ನನ್ನ ಹತ್ತಿರ ಇವೆ.

ಇಂಥ ಸಾಮಾನಿಗೆ ಹುಬ್ಬಳ್ಳಿಯಂಥ ಊರಿಲ್ಲ. ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯ ಕಸದಲ್ಲಿ ಕೂದಲಿನಷ್ಟು ಸಣ್ಣ ತಾಮ್ರದ ತಂತಿ, ಅದು ಬ್ರೇಕಿನ ಪೈಪು. ಸರಾಫನ ಹತ್ತಿರ ತುಂಡಾದ ಬೆಳ್ಳಿಯ ಚೈನು, ಹಿಂಬಾಗಿಲಿನ ಸರಪಳಿ. ಕಿಟ್ಟಿನ ಉಳಿದ ಕಡ್ಡಿಗಳನ್ನು ಅಸಿಟೋನಿನಲ್ಲಿ ಕರಗಿಸಿಟ್ಟರೆ ಸಂದು ತುಂಬುವ ಪುಟ್ಟಿ. ದುರ್ಗದ ಬೈಲಿನಲ್ಲಿ ಒಂದು ಸಂಜೆ ಅಡ್ಡಾಡಿ ಬಂದರೆ ಕಿಸೆಯಲ್ಲಿ ಅರ್ಧ ಜೀಪು ಇರುತ್ತದೆ.

ಆದರೆ ಕಂಡದ್ದೆಲ್ಲ ಹಾಕಲಿಕ್ಕೆ ಬರುವುದಿಲ್ಲ. ಇಲ್ಲಿ ನನ್ನದೂ ಒಬ್ಬ ಹಿರಿಯ ಮಿತ್ರರದೂ ಹಳೆಯ ತಕರಾರು. ಅವರು ಜೀಪಿನ ಟಾಪಿಗೆ ನಿಜವಾದ ಬಟ್ಟೆಯನ್ನೇ ಹೊಲಿದು ಹಾಕುವವರು. ಅದೂ ಎಲ್ಲಿಯದು? ರಾಷ್ಟ್ರಧ್ವಜ ತಯಾರಾಗುವ ನಮ್ಮ ಬೆಂಗೇರಿಯ ಖಾದಿ. ‘ಅಸಲಿ ಅರಿವಿ ಮುಂದ ನಿಮ್ಮ ಕಾಗದ ಏನ್ ಹತ್ತತೈತ್ರಿ?’ ಅನ್ನುತ್ತಾರೆ. ಖಾದಿಗೆ ನನ್ನ ನಮಸ್ಕಾರ. ಆದರೆ ಅದರ ನೂಲು 0.2 ಮಿಲಿಮೀಟರಿದ್ದರೂ ಇಪ್ಪತ್ನಾಲ್ಕರಿಂದ ಗುಣಿಸಿ ನೋಡಿ, ಐದು ಮಿಲಿಮೀಟರಿನ ಹಗ್ಗ. ಹಗ್ಗದಿಂದ ನೇಯ್ದ ತಾಡಪತ್ರಿ ಹೊದ್ದ ಜೀಪನ್ನು ಯಾರು ಕಂಡಿದ್ದಾರೆ? ಟಿಶ್ಯೂ ಕಾಗದವನ್ನು ತೆಳು ಮಾಡಿದ ಫೆವಿಕಾಲಿನಲ್ಲಿ ಅದ್ದಿ ಹೊದಿಸಿದರೆ ಮಡಿಕೆ ಬೀಳುವಲ್ಲಿ ಬೀಳುತ್ತದೆ, ಬಿಗಿಯುವಲ್ಲಿ ಬಿಗಿಯುತ್ತದೆ. ಅವರು ಒಪ್ಪಿಲ್ಲ. ಒಪ್ಪುವುದೂ ಬೇಡ, ಅವರ ಹೊಲಿಗೆ ನೋಡಲಿಕ್ಕೆ ಚಂದ.

ಒಪ್ಪಲಿಕ್ಕಾಗದ್ದು ಜಂಗು. ವಿದ್ಯಾನಗರದ ಹುಡುಗನ ಮೊಬೈಲಿನಲ್ಲಿ ಬೆರಳು ಸರಿಸಿದ ಹಾಗೆ ಮುಂದಿನ ಗಾಡಿಗಳು ಬಂದವು. ಅಂಬಾಸಡರು, ಜಂಗು. ಪದ್ಮಿನಿ, ಜಂಗು. ಲಾರಿ, ಜಂಗಿನ ಮೇಲೆ ಜಂಗು. ಮೊದಲು ಕಂದು ಬಳಿಯುವುದು, ಅದರ ಮೇಲೆ ಹೇರ್‌ಸ್ಪ್ರೇ ಹೊಡೆಯುವುದು, ಅದರ ಮೇಲೆ ಬಣ್ಣ, ಆಮೇಲೆ ನೀರು ಹಚ್ಚಿ ಕುಂಚದಲ್ಲಿ ತಿಕ್ಕಿದರೆ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದು ಕೆಳಗಿನ ಕಂದು ಕಾಣುತ್ತದೆ. ವಿಡಿಯೋ ನೋಡಿದರೆ ಯಾರಿಗೂ ಬರುವ ವಿದ್ಯೆ. ಮಾಡಲಿ. ಆದರೆ ಎಲ್ಲಿ ಮಾಡಬೇಕು ಎಂಬ ವಿಚಾರ ಬೇಡವೇ? ಯುದ್ಧಭೂಮಿಯಲ್ಲಿ ಬಿಟ್ಟುಹೋದ ಟ್ಯಾಂಕಿಗೆಂದು ಹುಟ್ಟಿದ ರೂಢಿಯನ್ನು ತಂದು, ದಿನಾ ಬೆಳಿಗ್ಗೆ ಬಕೆಟ್ ನೀರಿನಲ್ಲಿ ಮೈ ತೊಳೆಸಿಕೊಳ್ಳುತ್ತಿದ್ದ ಗಾಡಿಗೆ ಬಳಿಯುತ್ತಾರೆ! ನಮ್ಮಲ್ಲಿ ಜೀಪು ಯಾರ ಹತ್ತಿರ ಇತ್ತು? ಒಂದೋ ಸರ್ಕಾರದ ಹತ್ತಿರ, ಇಲ್ಲವೇ ಹತ್ತೂರಿಗೆ ಒಬ್ಬನಂತೆ ಇದ್ದ ಗೌಡನ ಹತ್ತಿರ. ಎರಡೂ ಕಡೆ ಅದಕ್ಕೊಬ್ಬ ಡ್ರೈವರ್ ಇರುತ್ತಿದ್ದ, ಅವನ ಹೆಗಲಿಗೊಂದು ಒರೆಸುವ ಅರಿವೆ ಇರುತ್ತಿತ್ತು. ಆಯುಧಪೂಜೆಗೆ ಚೆಂಡು ಹೂವಿನ ಸರ, ಗಾಲಿಯಡಿಗೆ ನಿಂಬೆಹಣ್ಣು, ಗಾಜಿಗೆ ವಿಭೂತಿ-ಕುಂಕುಮ. ಈ ಗಾಡಿ ಮೈ ತುಂಬ ಜಂಗು ಹೊತ್ತು ನಿಲ್ಲುವುದೇ? ಸಾಹೇಬ ಸುಮ್ಮನಿರುತ್ತಿದ್ದನೇ? ಕಾರವಾರದ ಉಪ್ಪುಗಾಳಿಯ ಗಾಡಿ ಅನ್ನಿ, ಒಪ್ಪಿದೆ. ಬ್ಯಾಟರಿಯ ಕೆಳಗೆ ಆಸಿಡ್ಡು ಚೆಲ್ಲಿದಲ್ಲಿ, ಕಾಲಡಿಯ ಚಾಪೆ ಒದ್ದೆಯಾಗಿ ಉಳಿದಲ್ಲಿ ತಗಡು ತಿಂದಿರುತ್ತದೆ ಅನ್ನಿ, ಅದನ್ನೂ ಒಪ್ಪಿದೆ. ಆದರೆ ಅವು ಕಣ್ಣಿಗೆ ಬೀಳದ ಜಾಗಗಳು. ಇವರಿಗೆ ಜಂಗು ಬೇಕಾಗಿರುವುದು ಫೋಟೋಕ್ಕೆ. ಹಳೆಯದೆಲ್ಲ ಹಾಳಾದದ್ದೇ ಅಂತ ತಿಳಿದವರು ಹಳೆಯ ಗಾಡಿ ಯಾಕೆ ಮಾಡಬೇಕು? ಗುಜರಿ ಅಂಗಡಿ ಮಾಡಿಕೊಂಡು ಕೂರಲಿ.

ಜಂಗಿನ ಮಾತು ಬೇರೆ, ಸವೆತದ ಮಾತು ಬೇರೆ. ಸವೆತ ಬೀಳುವುದು ಮನುಷ್ಯರು ಮುಟ್ಟಿದಲ್ಲಿ. ಡ್ರೈವರ್ ಬಲಗಡೆಯಿಂದ ಹತ್ತುವಾಗ ತೊಡೆ ತಿಕ್ಕುವ ಅಂಚು, ಗೇರಿನ ಗುಂಡು, ತಗ್ಗು ಬಂದಾಗ ಪಕ್ಕದವನು ಹಿಡಿದುಕೊಳ್ಳುವ ಗಾಜಿನ ಚೌಕಟ್ಟಿನ ನೆತ್ತಿ. ಇನ್ನೊಂದು ಜಾಗವನ್ನು ಯಾರೂ ಮಾಡಿದ್ದು ನಾನು ಕಂಡಿಲ್ಲ, ಅದು ಬಾನೆಟ್ಟಿನ ಬೆನ್ನು. ಆ ಎತ್ತರಿಸಿದ ಬಾನೆಟ್ಟು ನಿಂತ ಮನುಷ್ಯನ ಮೊಳಕೈಗೆ ಒಗ್ಗುವಂಥದ್ದು. ಕಾಲುವೆಯ ಇಂಜಿನಿಯರು ನಕಾಶೆ ಬಿಚ್ಚುತ್ತಿದ್ದುದು ಅದರ ಮೇಲೆ. ತಲಾಠಿ ಉತಾರ ಹರವುತ್ತಿದ್ದುದು, ರೈತ ಹೆಬ್ಬೆಟ್ಟು ಒತ್ತುತ್ತಿದ್ದುದು, ಚಹಾದ ಗ್ಲಾಸು ಇಡುತ್ತಿದ್ದುದು ಎಲ್ಲ ಅದರ ಮೇಲೆಯೇ. ಹಳ್ಳಿಯವರಿಗೆ ಸರ್ಕಾರದ ಮೇಜು ಅಂದರೆ ಜೀಪಿನ ಬಾನೆಟ್ಟು. ಆ ಮೊಳಕೈ ತಿಕ್ಕಿದ ಹೊಳಪನ್ನು ತರಲಿಕ್ಕೆ ನಾನು ಬಣ್ಣವನ್ನು ಕೆರೆಯುವುದಿಲ್ಲ. ಸ್ವಲ್ಪ ಟೂತ್‌ಪೇಸ್ಟು ಬೆರಳಿಗೆ ಹಚ್ಚಿಕೊಂಡು, ಎಡಗಡೆ ಹೆಚ್ಚು, ಬಲಗಡೆ ಕಡಿಮೆ, ಉಜ್ಜುತ್ತೇನೆ. ಇದಕ್ಕಾಗಿ ಒಂದು ಭಾನುವಾರ ಪೂರ್ತಿ ಹೋದರೂ ಹೋಯಿತು ಅನಿಸುವುದಿಲ್ಲ.

ಧೂಳು ಮಾತ್ರ ಬೇಕು. ತೊಳೆದ ಗಾಡಿಯೂ ಹತ್ತು ಮೈಲಿ ಹೋದರೆ ಧೂಳಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಧೂಳು ನೋಡಿ ಗಾಡಿ ಯಾವ ದಿಕ್ಕಿಗೆ ಹೋಗಿತ್ತೆಂದು ಹೇಳಬಹುದು. ಧಾರವಾಡದಿಂದ ಪಡುವಣಕ್ಕೆ, ಅಳ್ನಾವರ-ಕಲಘಟಗಿ ಕಡೆಗೆ, ಕೆಂಪು ಮಸಾರಿ. ಮೂಡಣಕ್ಕೆ, ನವಲಗುಂದ-ಅಣ್ಣಿಗೇರಿ ಕಡೆಗೆ, ಎರೆ. ಎರೆ ಅಂದಕೂಡಲೇ ಕಪ್ಪು ಬಣ್ಣಕ್ಕೆ ಕೈ ಹಾಕುವವರಿದ್ದಾರೆ. ಹಸಿ ಇದ್ದಾಗ ಅದು ಕಪ್ಪು, ಗಾಲಿಗೆ ಮೆತ್ತಿ ಗಾಲಿಯನ್ನೇ ಎರಡು ಪಟ್ಟು ಮಾಡುತ್ತದೆ. ಒಣಗಿ ಹಾರುವಾಗ ಬೂದಿ. ಬೂದಿಯಲ್ಲೂ ಒಂದು ಎಳೆ ಕಂದು. ನಿಜವಾದ ಮಣ್ಣು ಉದುರಿಸಲಿಕ್ಕೆ ಬರುವುದಿಲ್ಲ, ಖಾದಿಯ ಲೆಕ್ಕವೇ ಇಲ್ಲೂ: ಕಣ್ಣಿಗೆ ಕಾಣದ ಕಣ ಇಲ್ಲಿ ಜಲ್ಲಿಯಾಗುತ್ತದೆ. ಎರೆಗೆ ನಾನು ಊದಿನಕಡ್ಡಿಯ ಬೂದಿ ಬಳಸುತ್ತೇನೆ, ಮಸಾರಿಗೆ ಹುರಮಂಜು. ಹೊಸ್ತಿಲಿಗೂ ಗೋಡೆಗೂ ಬಳಿಯುತ್ತಿದ್ದರಲ್ಲ, ಅದೇ. ಬಟ್ಟೆಯಲ್ಲಿ ಸೋಸಿ ಮೆತ್ತನೆಯ ಕುಂಚದಲ್ಲಿ ಮಡ್‌ಗಾರ್ಡಿನ ಹಿಂದೆ ಉದುರಿಸಿದರೆ ಕಲಘಟಗಿ ರಸ್ತೆ ಬಂದಿತು.

ಇದನ್ನು ಆ ಹುಡುಗನಿಗೆ ಹೇಳಿದೆ. ಕೆಮಿಸ್ಟ್ರಿ ಓದಿದವನು. ‘ಸರ, ಹುರಮಂಜ ಅಂದ್ರ ಐರನ್ ಆಕ್ಸೈಡ್ ಅಲ್ರೀ? ಅಂದ್ರ ಜಂಗs ಆತಲ್ರೀ?’ ಅಂದ. ಉತ್ತರ ಕೊಡದೆ ಚಹಾ ಕುಡಿಸಿ ಕಳಿಸಿದೆ.

ಈಗ ಉಳಿದಿರುವುದು ಬರವಣಿಗೆ. ಆ ಕಾಲದ ನಂಬರ್ ಪ್ಲೇಟು ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲವೆಂದು ಜನ ಕೈ ಚೆಲ್ಲುತ್ತಾರೆ. ಬಿಳಿ ಕಾಗದದ ಮೇಲೆ ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ಕಪ್ಪು ಮುದ್ರಿಸಿದರೆ ಮುಗಿಯಿತು. ಇಲಾಖೆಯ ಹೆಸರು ಮಾತ್ರ ಕುಂಚದಲ್ಲೇ ಬರೆಯಬೇಕು, ಗಾಜಿನ ಕೆಳಗೆ, ಬಿಳಿಯಲ್ಲಿ. ನನ್ನ ಜೀಪು ಎಪ್ಪತ್ತರ ದಶಕದ ಶುರುವಿನದು. ಅದರ ಮೇಲೆ ‘ಮೈಸೂರು ಸರ್ಕಾರ’ ಅಂತ ಬರೆಯಬೇಕೋ ‘ಕರ್ನಾಟಕ ಸರ್ಕಾರ’ ಅಂತಲೋ? ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಆದರೆ ಅವತ್ತು ಬೆಳಗಾಗುವುದರೊಳಗೆ ನಾಡಿನ ಎಲ್ಲ ಜೀಪುಗಳ ಬರಹ ಬದಲಾಗಿರಲಾರದು. ಟೆಂಡರು ಆಗಬೇಕು, ಪೇಂಟರು ಬರಬೇಕು, ಸಾಹೇಬರು ಟೂರಿನಿಂದ ಮರಳಬೇಕು. ಬಂದ ಪೇಂಟರೂ ಹಳೆಯದನ್ನು ಪೂರ್ತಿ ಕೆರೆಯದೆ ಮೇಲೊಂದು ಕೈ ಬಣ್ಣ ಹೊಡೆದು ಹೊಸದನ್ನು ಬರೆದಿರುತ್ತಾನೆ. ಹಾಗಾಗಿ ಮೊದಲು ‘ಮೈಸೂರು’ ಬರೆದು, ಒಣಗಿಸಿ, ಅದರ ಮೇಲೆ ತೆಳುವಾಗಿ ಜೀಪಿನ ಬಣ್ಣ ಎಳೆದು, ‘ಕರ್ನಾಟಕ’ ಬರೆಯುವವನಿದ್ದೇನೆ. ಓರೆಯಾಗಿ ಹಿಡಿದರೆ ‘ಸೂ’ವಿನ ಕೊಂಬು ‘ನಾ’ದ ಬೆನ್ನಿಗೆ ಕಾಣಬೇಕು. ಭೂತಗನ್ನಡಿ ಹಾಕಿಕೊಂಡು ಅಭ್ಯಾಸ ನಡೆದಿದೆ. ‘ಸೂ’ ಕೂತಿದೆ, ಒತ್ತಕ್ಷರ ಬಂದಲ್ಲಿ ಇನ್ನೂ ಕೈ ನಡುಗುತ್ತದೆ.