ಪಯಣ ಮುಗಿಯುವ ಮುನ್ನ ಮುಗಿಯಬೇಕಾದ ಲೆಕ್ಕ

ಪಯಣಕ್ಕೆ ಹೊರಡುವಾಗ ಪಾಲಿಸಬೇಕಾದ ಶಿಷ್ಟಾಚಾರಗಳನ್ನು ನಮ್ಮ ಸಮುದಾಯವು ಚೆನ್ನಾಗಿ ಬಲ್ಲದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮೊಹಲ್ಲಾಗಳಲ್ಲಿ ಯಾರಾದರೂ ಹಜ್ಜ್‌ಗೋ ಉಮ್ರಾಕ್ಕೋ ಹೊರಟರೆ ಮನೆಮನೆಗೆ ಹೋಗಿ ಕ್ಷಮೆ ಕೇಳುತ್ತಾರೆ, ಇದ್ದ ಸಾಲ ತೀರಿಸುತ್ತಾರೆ. ಮುಂಬಯಿಯಿಂದ ಜಿದ್ದಾಕ್ಕೆ ಯಾತ್ರಿಕರ ಹಡಗು 1995ರಲ್ಲಿ ನಿಂತುಹೋಯಿತು. ಹಡಗಿನ ಕಾಲದ ಈ ರೂಢಿ ಮಾತ್ರ ನಿಲ್ಲಲಿಲ್ಲ. ಆದರೆ ಹಿಂದಿರುಗುವಾಗ ಪಾಲಿಸಬೇಕಾದ ಶಿಷ್ಟಾಚಾರಗಳ ಕುರಿತು ನಾವು ಅಷ್ಟಾಗಿ ಆಲೋಚಿಸುವುದಿಲ್ಲ. ಕರ್ಮಗಳು ಅವುಗಳ ಅಂತ್ಯವನ್ನು ಅವಲಂಬಿಸಿವೆ ಎಂಬ ಪ್ರವಾದಿ(ಸ)ರವರ ಬೋಧನೆ ಬುಖಾರಿಯಲ್ಲಿ ವರದಿಯಾಗಿದೆ. ಪಯಣವೂ ಒಂದು ಕರ್ಮವೇ ತಾನೇ?

ಈ ನಾಲ್ಕು ಊರುಗಳ ನಾಲ್ಕು ಮನೆಗಳಿಂದ ನಾವು ಒಂಬತ್ತು ಮಂದಿ ಸೌದಿ ಅರೇಬಿಯಾದಲ್ಲಿ 24 ದಿನಗಳ ಕಾಲ ಒಂದೇ ವ್ಯಾನಿನಲ್ಲಿ ಸಂಚರಿಸಿದೆವು. ದಮ್ಮಾಮ್‌ನಲ್ಲಿ ದುಡಿಯುವ ಬಂಧುವೊಬ್ಬರು ಮಲಗಲು ಹಲಗೆ, ಅಡುಗೆಗೆ ಒಲೆ, ನೀರಿಗೊಂದು ತೊಟ್ಟಿ ಇರುವ ದೊಡ್ಡ ವ್ಯಾನನ್ನು ನಮಗೆ ಒದಗಿಸಿದ್ದರು. ಮೂವರು ಜೊತೆಯಾಗಿ ಪಯಣಿಸಿದರೂ ಒಬ್ಬರನ್ನು ನಾಯಕರನ್ನಾಗಿ ನೇಮಿಸಿಕೊಳ್ಳಬೇಕೆಂಬ ಹದೀಸ್‌ನಂತೆ ಮಾಲೂರಿನ ಅಣ್ಣನವರನ್ನು ಅಮೀರರನ್ನಾಗಿ ಆರಿಸಿಕೊಂಡೆವು. ರಿಯಾಧ್ ಮಾರ್ಗವಾಗಿ ಮದೀನಾ, ಅಲ್ಲಿಂದ ಬದ್ರ್, ಬಳಿಕ ಮಕ್ಕಾ ತಲುಪಿ ಉಮ್ರಾ ನೆರವೇರಿಸಿದೆವು.

ಉಳಿದ ಕೊನೆಯ ನಾಲ್ಕು ದಿನಗಳೇ ನಮ್ಮ ನಿಜವಾದ ಪರೀಕ್ಷೆಯಾದವು. ತವಾಫ್ ಮಾಡಿ ಕಅಬಾದಿಂದ ಬೀಳ್ಕೊಂಡು, ಬೆಟ್ಟದ ಮೇಲಿನ ತಾಯಿಫ್‌ಗೆ ಬಂದಾಗ ಎಲ್ಲರ ಮನಸ್ಸೂ ಊರಿನ ಕಡೆ ತಿರುಗಿತ್ತು. ದೇಹ ದಣಿದಿತ್ತು, ಮಾತು ಕಡಿಮೆಯಾಗಿತ್ತು. ಪಯಣವು ಯಾತನೆಯ ಒಂದು ತುಣುಕು, ಅದು ಊಟ ನಿದ್ರೆಗಳಿಗೆ ಅಡ್ಡಿಯಾಗುತ್ತದೆ, ಆದ್ದರಿಂದ ಉದ್ದೇಶ ಈಡೇರಿದೊಡನೆ ಮನೆಯವರ ಬಳಿಗೆ ಬೇಗನೆ ಮರಳಬೇಕು ಎಂಬ ಪ್ರವಾದಿವಚನದ ಅರ್ಥ ನಮಗೆ ಅಲ್ಲಿ ಮನದಟ್ಟಾಯಿತು. ತೊಟ್ಟಿಯ ನೀರನ್ನೂ ಅಳೆದು ಬಳಸಬೇಕಿತ್ತು. ಸಾವಿರ ಅಡಿಗಿಂತ ಆಳಕ್ಕೆ ಕೊಳವೆಬಾವಿ ಕೊರೆಸಿಯೂ ಬರಿಗೈಯಾದವರನ್ನು ಕಂಡಿರುವ ಕೋಲಾರ ಸೀಮೆಯ ನಮಗೆ ಅದು ಹೊಸತಲ್ಲ. ಪ್ರವಾದಿ(ಸ)ರವರು ಒಂದು ಮುದ್ದ್‌ನಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರೆಂಬುದನ್ನು ನೆನೆದು ನಾವೂ ಒಂದೊಂದು ಚೊಂಬಿನಲ್ಲಿಯೇ ವುಝೂ ಪೂರೈಸಿದೆವು.

ಆದರೆ ನೀರಿಗಿಂತ ಭಾರವಾದ ವಿಷಯವೊಂದು ವ್ಯಾನಿನೊಳಗಿತ್ತು. ದಾರಿಯ ಖರ್ಚನ್ನೆಲ್ಲ ಕೋಲಾರದ ತಮ್ಮನವರೇ ಭರಿಸುತ್ತ ಬಂದಿದ್ದರು. ಕೊನೆಯಲ್ಲಿ ನಾಲ್ಕು ಪಾಲು ಮಾಡಿಕೊಳ್ಳುವುದೆಂದು ಮಾತಾಗಿತ್ತು. ಶ್ರೀನಿವಾಸಪುರದ ತಮ್ಮನವರ ಜೀವನವೆಲ್ಲ ಮಾವಿನ ತೋಟದ ಮೇಲೆ. ಹಿಂದಿನ ಹಂಗಾಮಿನಲ್ಲಿ ಹೂವು ಉದುರಿ ಫಸಲು ಕೈಕೊಟ್ಟಿತ್ತು. ಅವರ ಬಳಿ ಹಣವಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು, ಯಾರೂ ಬಾಯಿ ತೆರೆಯುತ್ತಿರಲಿಲ್ಲ. ತಾಯಿಫ್ ಬಿಟ್ಟ ಮೇಲೆ ಅವರು ಊಟದ ತಟ್ಟೆಯಲ್ಲಿಯೂ ಕಡಿಮೆ ಬಡಿಸಿಕೊಳ್ಳತೊಡಗಿದರು.

ತಾಯಿಫ್‌ನಿಂದ ರಿಯಾಧ್‌ಗೆ 700 ಕಿ.ಮೀ.ಗೂ ಹೆಚ್ಚಿನ ಮರುಭೂಮಿಯ ದಾರಿ. ನಡುವೆ ಪೆಟ್ರೋಲ್ ಬಂಕೊಂದರ ಮಸೀದಿಯಲ್ಲಿ ಮಗ್ರಿಬ್ ಹಾಗೂ ಇಶಾ ನಮಾಝ್ ಮುಗಿಸಿ ವ್ಯಾನಿನ ಪಕ್ಕದಲ್ಲಿ ಚಾಪೆ ಹಾಸಿದೆವು. ಆಗ ಮುಳಬಾಗಿಲಿನ ಫುಪ್ಪು, ನಮ್ಮ ತಂದೆಯವರ ಅಕ್ಕ, ಖರ್ಚಿನ ಪುಸ್ತಕವನ್ನು ತರಿಸಿದರು. "ಬೇಟಾ, ಊರು ಸೇರಿದ ಮೇಲೆ ಈ ಮಾತು ಯಾರೂ ಎತ್ತುವುದಿಲ್ಲ. ಎತ್ತದ ಮಾತು ಒಳಗೇ ಕೊಳೆಯುತ್ತದೆ. ಇಲ್ಲೇ ಮುಗಿಸೋಣ" ಎಂದರು.

ಲೆಕ್ಕ ಕೂಡಿಸಿದಾಗ ಶ್ರೀನಿವಾಸಪುರದ ಪಾಲು 41,000 ರೂಪಾಯಿ ಆಯಿತು. ಕೋಲಾರದ ತಮ್ಮನವರು ಅದನ್ನು ಬಿಟ್ಟುಬಿಡುವುದಾಗಿ ಹೇಳಿದರು. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ನೀಡಬೇಕು, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂದು ಸೂರಃ ಅಲ್ ಬಕರದ 280ನೆಯ ಸೂಕ್ತದಲ್ಲಿದೆ. ಆದರೆ ಶ್ರೀನಿವಾಸಪುರದ ತಮ್ಮನವರು ಒಪ್ಪಲಿಲ್ಲ. "ಭಾಯ್, ನನಗೆ ಸಮಯ ಕೊಡಿ, ಸದಕಾ ಬೇಡ. ಈ ಪಯಣದಲ್ಲಿ ನನ್ನ ಪಾಲೂ ಇರಲಿ" ಎಂದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಬಿಟ್ಟುಕೊಡುವವನ ಔದಾರ್ಯ ದೊಡ್ಡದು, ನಿಜ. ಆದರೆ ತೀರಿಸಲು ಬಯಸುವವನ ಮರ್ಯಾದೆಯನ್ನು ಕಾಪಾಡುವುದೂ ಔದಾರ್ಯವೇ ಆಗಿದೆ.

ಫುಪ್ಪು ಅದೇ ಸೂರಃದ 282ನೆಯ ಸೂಕ್ತವನ್ನು ನೆನಪಿಸಿದರು. ಕುರ್‌ಆನಿನ ಅತಿ ದೀರ್ಘ ಸೂಕ್ತವು ನಮಾಝ್‌ನ ಕುರಿತೋ ಉಪವಾಸದ ಕುರಿತೋ ಅಲ್ಲ, ಸಾಲವನ್ನು ಬರೆದಿಡುವುದರ ಕುರಿತಾಗಿದೆ. ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ, ಅವಧಿ ಸಹಿತ ಬರೆಯಲು ಬೇಸರಿಸಬಾರದೆಂದು ಅದು ಆದೇಶಿಸುತ್ತದೆ. ಮುಂದಿನ ಮಾವಿನ ಫಸಲು ಮಾರಿದ ಬಳಿಕ, ಜುಲೈ ಕೊನೆಯೊಳಗೆ ಎಂದು ಅವಧಿ ಗೊತ್ತುಪಡಿಸಿದೆವು. ಮಾಲೂರಿನ ಅಣ್ಣನವರೂ ಫುಪ್ಪುರವರ ಮಗನೂ ಸಾಕ್ಷಿಗಳಾಗಿ ಸಹಿ ಹಾಕಿದರು. ಆ ರಾತ್ರಿ ಶ್ರೀನಿವಾಸಪುರದ ತಮ್ಮನವರು ಎರಡನೆಯ ಸಲ ರೊಟ್ಟಿ ಕೇಳಿ ಬಡಿಸಿಕೊಂಡರು.

ದಮ್ಮಾಮ್ ತಲುಪಿ, ವ್ಯಾನನ್ನು ಒಳಗೂ ಹೊರಗೂ ತೊಳೆದು, ಇಂಧನ ತುಂಬಿಸಿ ಬಂಧುವಿಗೆ ಒಪ್ಪಿಸಿದೆವು. ಅದೂ ಒಂದು ಅಮಾನತ್ ಆಗಿತ್ತು. ಬೆಂಗಳೂರಿಗೆ ಬಂದಿಳಿದು ಅವರವರ ಊರಿನ ದಾರಿ ಹಿಡಿದೆವು. ಪ್ರವಾದಿ(ಸ)ರವರು ಪಯಣದಿಂದ ಮರಳಿದಾಗ ಮೊದಲು ಮಸೀದಿಗೆ ಹೋಗಿ ಎರಡು ರಕಅತ್ ನಮಾಝ್ ನಿರ್ವಹಿಸುತ್ತಿದ್ದರು. ನಾವೂ ಮನೆಯ ಹೊಸ್ತಿಲು ತುಳಿಯುವ ಮುನ್ನ ಅದನ್ನು ಪಾಲಿಸಿದೆವು. ಊರಿನ ಎಲ್ಲೆ ದಾಟಿದೊಡನೆ ಕಸ್ರ್‌ನ ರಿಯಾಯಿತಿ ಕೊನೆಗೊಂಡು, ಝುಹರ್ ಮತ್ತೆ ನಾಲ್ಕು ರಕಅತ್ ಆಯಿತು.

ಸಹೋದರ ಸಹೋದರಿಯರೇ, ಪಯಣಿಗನಿಗೆ ನಮಾಝ್‌ನಲ್ಲಿ ಅಲ್ಲಾಹನು ರಿಯಾಯಿತಿ ನೀಡಿದ್ದಾನೆ. ಮನುಷ್ಯರ ಹಕ್ಕಿನಲ್ಲಿ ನೀಡಿಲ್ಲ. ಝಮ್‌ಝಮ್ ಮತ್ತು ಖರ್ಜೂರಗಳನ್ನು ಹಂಚಲು ಊರಿನಲ್ಲಿ ಬೇಕಾದಷ್ಟು ಸಮಯ ಸಿಗುತ್ತದೆ. ಜೊತೆಗೆ ಪಯಣಿಸಿದವರೊಂದಿಗಿನ ಲೆಕ್ಕವನ್ನು ಮಾತ್ರ ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತಿರುವಾಗಲೇ ಮುಗಿಸಿಕೊಳ್ಳಿರಿ.