ರಣಘೋಷವೂ ಭಾಷಾಸಮಿತಿಯೂ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗನು ಅಡುಗೆಮನೆಯ ಮರದ ಸೌಟನ್ನು ಕೊಡಲಿಯಂತೆ ಎತ್ತಿ ಹಿಡಿದು, ತಂಗಿಯ ಮುಂದೆ ಅರ್ಥವಾಗದ ಕೆಲವು ಶಬ್ದಗಳನ್ನು ಗರ್ಜಿಸಿದನು. ಮಗು ಹೆದರಿ ಅತ್ತಿತು. ಗದರಿಸಿದಾಗ ಅವನು, "ಅಜ್ಜಾ, ಇದು ಕಥೆಯೊಳಗಿನ ಕುಬ್ಜರ ಭಾಷೆ. ನಿಜವಾದ ಭಾಷೆಯೇ ಅಲ್ಲದ ಮಾತಿನಿಂದ ಹಿಂಸೆ ಹೇಗಾಗುತ್ತದೆ?" ಎಂದು ಕೇಳಿದನು.

ಅವನು ಓದುತ್ತಿದ್ದುದು ಜೆ. ಆರ್. ಆರ್. ಟಾಲ್ಕಿನ್ 1954-55ರಲ್ಲಿ ಪ್ರಕಟಿಸಿದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'. ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಈ ಭಾಷಾಪಂಡಿತರು 1916ರಲ್ಲಿ ಸೊಮ್ ಕದನವನ್ನು ಸ್ವತಃ ಕಂಡವರು. ಕುಬ್ಜರಿಗಾಗಿ ಅವರು 'ಖುಜ್ದುಲ್' ಎಂಬ ಭಾಷೆಯನ್ನು ಕಟ್ಟಿದರು. ಕೋಟೆಯ ರಕ್ಷಣೆಗೆ ನಿಂತ ಗಿಮ್ಲಿ ಎಂಬ ಕುಬ್ಜವೀರನು ಆ ಭಾಷೆಯಲ್ಲಿ ಕೂಗುತ್ತಾನೆ. ಕುಬ್ಜರ ಕೊಡಲಿಗಳು ನಿಮ್ಮ ಮೇಲೆ ಎರಗಿವೆ ಎಂಬುದು ಅದರ ಭಾವ.

ಗಿಮ್ಲಿಯದು ವಿರೋಧೀ ಹಿಂಸೆ. ಗೃಹಸ್ಥನಿಗೆ ಅದು ಪೂರ್ಣವಾಗಿ ತಪ್ಪಿದ್ದಲ್ಲ. ಮೊಮ್ಮಗನ ಪ್ರಶ್ನೆಗಾದರೋ ಜನ್ನನು 1209ರಲ್ಲಿಯೇ 'ಯಶೋಧರ ಚರಿತೆ'ಯಲ್ಲಿ ಉತ್ತರವಿತ್ತಿದ್ದಾನೆ. ಯಶೋಧರನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಜನ್ಮಜನ್ಮಾಂತರಗಳಲ್ಲಿ ಅವನನ್ನು ಬೆನ್ನಟ್ಟಿದ್ದು ಸಂಕಲ್ಪ. ಕೋಳಿ ಕೃತಕವಾದರೂ ಕಡಿಯುವ ಭಾವ ಕೃತಕವಲ್ಲ. ಹಾಗೆಯೇ ಭಾಷೆ ಕಲ್ಪಿತವಾದರೂ ಮಗುವಿನ ಕಣ್ಣೀರು ಕಲ್ಪಿತವಲ್ಲ. ಇದನ್ನು ಹೇಳಿದಾಗ ಹುಡುಗನು ಸೌಟನ್ನು ಕೆಳಗಿಟ್ಟು ತಂಗಿಯನ್ನು ಎತ್ತಿಕೊಂಡನು.

ಆದರೆ ಆ ರಾತ್ರಿ ಪುಸ್ತಕದ ಅನುಬಂಧವನ್ನು ತಿರುವುತ್ತಿದ್ದಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಕುಬ್ಜರು ತಮ್ಮ ಭಾಷೆಯನ್ನು ನಿಧಿಯಂತೆ ಬಚ್ಚಿಟ್ಟವರು. ತಮ್ಮ ನಿಜನಾಮವನ್ನು ಪರರಿಗೆ ತಿಳಿಸರು. ಗೋರಿಯ ಮೇಲೂ ಕೆತ್ತಿಸರು. ಅಂತಹವರ ಭಾಷೆಯಲ್ಲಿ ಪರರ ಕಿವಿಗೆ ಬಿದ್ದ ಅತ್ಯಲ್ಪ ಮಾತುಗಳಲ್ಲಿ ಈ ರಣಘೋಷವೂ ಒಂದು. ಅವರ ಲಾಲಿಯನ್ನು, ಸಾಂತ್ವನವನ್ನು ಕೇಳಿದ ಪರರಿಲ್ಲ; ಬೆದರಿಕೆಯನ್ನು ಮಾತ್ರ ಎಲ್ಲರೂ ಕೇಳಿದ್ದಾರೆ.

ನನ್ನ ಸ್ಥಿತಿಯೂ ಅದೇ ಆಗಿತ್ತು. ತೋಟದ ಪಾಲಿನ ವ್ಯಾಜ್ಯದಿಂದ ಒಂಬತ್ತು ವರ್ಷಗಳಲ್ಲಿ ನನ್ನ ತಮ್ಮನಿಗೆ ನನ್ನಿಂದ ತಲುಪಿದ ಮಾತೆಂದರೆ ವಕೀಲರ ನೋಟೀಸುಗಳು ಮಾತ್ರ. ಬಸದಿಯಲ್ಲಿ ಭಾಷಾಸಮಿತಿಯನ್ನು ಕುರಿತು ಉಪನ್ಯಾಸ ಮಾಡಿದವನು ನಾನು. ಹಿತಮಿತವಾದ ಮಾತುಗಳನ್ನೆಲ್ಲ ಸಭೆಗೆ ಮೀಸಲಿಟ್ಟು, ಒಡಹುಟ್ಟಿದವನಿಗೆ ರಣಘೋಷವನ್ನಷ್ಟೇ ಕಳುಹಿಸಿದ್ದೆ. ಮೊಮ್ಮಗನದು ಆಟ, ನನ್ನದು ಸಂಕಲ್ಪ.

ಆ ವರ್ಷದ ಕ್ಷಮಾವಣಿಯಂದು ತಮ್ಮನಿಗೆ ದೂರವಾಣಿ ಮಾಡಿ, "ತಪ್ಪಾಗಿದೆ, ಕ್ಷಮಿಸು" ಎಂದೆ. ಬಹಳ ಹೊತ್ತು ಉತ್ತರವಿರಲಿಲ್ಲ. ಅನಂತರ ಅವನು, "ಹೊತ್ತು ಮುಳುಗುತ್ತಾ ಬಂತಲ್ಲ, ಊಟವಾಯಿತೇ ಅಣ್ಣಾ?" ಎಂದನು.

ವ್ಯಾಜ್ಯ ಇನ್ನೂ ತೀರಿಲ್ಲ. ಆದರೆ ರಣಘೋಷವಲ್ಲದ ಒಂದು ಮಾತು ನಮ್ಮಿಬ್ಬರ ನಡುವೆ ಹೋಗಿ ಬಂದಿದೆ.