ಸಕ್ಕರೆ ನೀರು ಮತ್ತು ಎಚ್ಚರ

ನಮ್ಮ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ಒಂದು ಏಕಾದಶಿಯ ದಿನ ಬೆಳಗ್ಗಿನ ಮಾತ್ರೆ ನುಂಗಿ ಉಪವಾಸ ಕೂತರು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬೆವರು, ಮಾತು ಅಸಂಬದ್ಧ. ಹೆತ್ತ ಮಗನನ್ನೇ "ನೀವು ಯಾರು, ಎಲ್ಲಿಂದ ಬಂದದ್ದು?" ಎಂದು ಕೇಳಿದರು. ಗಾಳಿ ಸೋಕಿರಬೇಕು ಎಂದರು ಒಬ್ಬರು. ದೈವಕ್ಕೆ ಹೇಳಿಕೊಳ್ಳಿ ಎಂದರು ಇನ್ನೊಬ್ಬರು. ನೆರೆಮನೆಯ ನರ್ಸ್ ಬಂದವರೇ, ನುಂಗಲು ಆಗುತ್ತದೆಯೇ ಎಂದು ನೋಡಿ, ಒಂದು ಲೋಟ ಸಕ್ಕರೆ ನೀರು ಕುಡಿಸಿದರು. ಕಾಲು ಗಂಟೆಯಲ್ಲಿ ದೊಡ್ಡಮ್ಮ, "ಎಂತ, ಎಲ್ಲರೂ ಹೀಗೆ ನಿಂತದ್ದು?" ಎಂದರು. ಆಮೇಲೆ ಗಂಜಿ ಉಣ್ಣಿಸಿ, ಡಾಕ್ಟರ ಬಳಿ ಕರೆದುಕೊಂಡು ಹೋದದ್ದಾಯಿತು.

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ 2ರಷ್ಟು. ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಅದು ಬಳಸುವುದು ಸುಮಾರು ಶೇಕಡ 20. ನಮ್ಮ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಸಾಮರ್ಥ್ಯ 1200 ಮೆಗಾವಾಟ್. ಮಿದುಳಿಗೆ ಬೇಕಾದದ್ದು ಬರೇ 20 ವಾಟ್‌ನಷ್ಟು. ಆದರೆ ಸ್ಥಾವರದ ಅಂಗಳದಲ್ಲಿ ಕಲ್ಲಿದ್ದಲಿನ ರಾಶಿ ಇರುತ್ತದೆ, ಮಿದುಳಿಗೆ ಅಂಥ ದಾಸ್ತಾನು ಇಲ್ಲವೆಂದೇ ಹೇಳಬೇಕು. ರಕ್ತ ತಂದುಕೊಡುವ ಗ್ಲೂಕೋಸ್ ಮತ್ತು ಆಮ್ಲಜನಕವೇ ಅದರ ಸಂಸಾರ. ರಕ್ತದ ಹರಿವು ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ.

ಗಾಢ ನಿದ್ರೆಯಲ್ಲಿ ಈ ಖರ್ಚು ಇಳಿಯುತ್ತದೆ. ಕನಸು ಕಾಣುವಾಗ ಮತ್ತೆ ಎಚ್ಚರದ ಮಟ್ಟಕ್ಕೆ ಹತ್ತಿರವಾಗುತ್ತದೆ. ಮಿದುಳಿಗೆ ಪೆಟ್ಟಾದ ರೋಗಿಗಳ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗ್ಲೂಕೋಸ್ ಬಳಕೆ ಸಾಮಾನ್ಯದ ಶೇಕಡ 42ರಷ್ಟಾದರೂ ಇದ್ದರೆ ಪ್ರಜ್ಞೆ ಉಳಿಯುವ ಸಂಭವವಿದೆ ಎಂದು ಕಂಡುಕೊಂಡಿತು. ಎಣ್ಣೆ ಎಷ್ಟಿದ್ದರೆ ದೀಪ ಉರಿದೀತು ಎಂಬುದಕ್ಕೆ ಇದು ಉತ್ತರ. ಆ ದೀಪಕ್ಕೆ ತಾನು ಉರಿಯುತ್ತಿದ್ದೇನೆ ಎಂಬ ಅರಿವು ಏಕೆ ಬಂತು ಎಂಬುದಕ್ಕಲ್ಲ.

ಪರೀಕ್ಷೆಯ ದಿನ ಗ್ಲೂಕೋಸ್ ಪುಡಿ ಕದಡಿ ಕುಡಿಸುವ ತಾಯಂದಿರಿಗೆ ಒಂದು ಸಂಗತಿ. ಲೆಕ್ಕ ಮಾಡುವಾಗ ಇಡೀ ಮಿದುಳಿನ ಆಮ್ಲಜನಕದ ಖರ್ಚು ಏರುವುದಿಲ್ಲ ಎಂದು 1955ರಲ್ಲೇ ಸೊಕೊಲಾಫ್ ಮತ್ತು ಸಂಗಡಿಗರು ಅಳೆದು ತೋರಿಸಿದ್ದರು. ಆರೋಗ್ಯವಂತ ಮಗುವಿನ ಯಕೃತ್ತು ರಕ್ತದ ಸಕ್ಕರೆಯನ್ನು ತಾನೇ ಕಾಯುತ್ತದೆ. ಗಂಜಿಯೋ ದೋಸೆಯೋ ತಿಂದು ಹೊರಟರೆ ಧಾರಾಳವಾಯಿತು.

ಬೆಳಗಿನ ಪ್ರಾರ್ಥನೆಯಲ್ಲಿ ನಿಂತಲ್ಲೇ ಬೀಳುವ ಮಕ್ಕಳದ್ದು ಹೆಚ್ಚಾಗಿ ಸಕ್ಕರೆಯ ಕತೆಯಲ್ಲ. ರಕ್ತ ಕಾಲಿನ ಕಡೆ ಇಳಿದು ಮಿದುಳಿಗೆ ಹರಿವು ಕಡಿಮೆಯಾಗಿರುತ್ತದೆ. ಅವರನ್ನು ಎತ್ತಿ ಕೂರಿಸಬಾರದು, ಎಚ್ಚರವಿಲ್ಲದ ಬಾಯಿಗೆ ನೀರು ಹಾಕಲೂಬಾರದು. ಅಂಗಾತ ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿದರೆ, ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ಕಣ್ಣು ಬಿಡುತ್ತಾರೆ. ಬಿಡದಿದ್ದರೆ ತಡಮಾಡದೆ ಆಸ್ಪತ್ರೆಗೆ.